ಬೋರಕ್ಕನ ನಡುತೊಲೆ

ಹತ್ತಿರ ಬನ್ರೇ, ಇನ್ನೂ ಹತ್ತಿರ. ಬಾಗಿಲು ಸ್ವಲ್ಪ ಮುಂದೆ ಮಾಡಿ. ಈ ಮಾತು ನನ್ನ ಬಾಯಿಂದ ನಿಮ್ಮ ಕಿವಿಗೆ, ಅಷ್ಟೇ. ಇನ್ನೊಬ್ಬರಿಗೆ ಹೇಳಿದರೆ ನಿಮ್ಮ ಮಕ್ಕಳ ಮೇಲಾಣೆ. ನನಗೆ ಹೇಳಿದವಳೂ ಹೀಗೇ ಆಣೆ ಹಾಕಿಸಿಕೊಂಡು ಹೇಳಿದ್ದು. ಅವಳಿಗೆ ಹೇಳಿದವಳೂ ಹಾಗೇ.

ಒಂದೂರಲ್ಲಿ ಬೋರಕ್ಕ ಅಂತ ಒಬ್ಬಳಿದ್ದಳಂತೆ. ಊರಿನ ಹೆಸರು ಕೇಳಬೇಡಿ, ಹೇಳಿದರೆ ಯಾವ ಮನೆ ಅಂತ ಗೊತ್ತಾಗಿಬಿಡುತ್ತೆ. ಮುನ್ನೂರು ಮನೆಯ ಊರು, ಮುನ್ನೂರಕ್ಕೂ ಮಣ್ಣಿನ ಮಾಳಿಗೆ. ವರ್ಷಾ ವರ್ಷಾ ಮುಂಗಾರಿಗೆ ಮುಂಚೆ ಹಳ್ಳದ ಕಡೆಯಿಂದ ಚೌಳುಮಣ್ಣು ಹೊತ್ತು ತಂದು ಮಾಳಿಗೆ ಮೇಲೆ ಹಾಕಿ ತುಳೀಬೇಕು. ತುಳಿದರೆ ಸೋರಲ್ಲ, ಬಿಟ್ಟರೆ ಸೋರುತ್ತೆ. ಬೋರಕ್ಕನ ಗಂಡ ಹೋಗಿ ನಾಲ್ಕು ವರ್ಷ. ನಾಲ್ಕು ವರ್ಷದಿಂದ ಆ ಮಾಳಿಗೆ ಏರಿದೋರಿಲ್ಲ. ಏರೋಣ ಅಂದರೆ ಅವಳ ಮಂಡಿ ಅವಳ ಮಾತು ಕೇಳ್ತಿರಲಿಲ್ಲ. ನೀರು ಇಳಿದೂ ಇಳಿದೂ ಮಾಳಿಗೆ ಹೊತ್ತಿದ್ದ ನಡುತೊಲೆ ಸೀಳು ಬಿಟ್ಟಿತ್ತಂತೆ. ಅದಕ್ಕೊಂದು ಕವೆಗೋಲು ಆನಿಸಿ ನಿಲ್ಲಿಸಿದ್ದಳು. ಮನೆ ತುಂಬ ಹದಿನಾಲ್ಕು ಮಡಕೆ, ಮಳೆ ಬಂದರೆ ಹದಿನಾಲ್ಕರಲ್ಲೂ ಟಪ್, ಟಪ್, ಟಪ್.

ಇಷ್ಟೇ ಆಗಿದ್ದರೆ ಹೆಂಗೋ ಕಾಲ ಹಾಕ್ತಿದ್ದಳು. ಮಗಳು ಸಣ್ಣಕ್ಕ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ತಾನೇ? ಕರೆಯೋಕೆ ಹೋದರೆ ಬೀಗಿತ್ತಿ ಅಂದಳಂತೆ: "ತೊಟ್ಟಿಲು ಕಟ್ಟೋಕೆ ಒಂದು ಗಟ್ಟಿ ತೊಲೆ ಇಲ್ಲದ ಮನೆಗೆ ಸೊಸೇನ ಕಳಿಸಲ್ಲ. ಯಾರಾದರೂ ಕೇಳಿದರೆ ಇವಳಿಗೆ ತವರಿಲ್ಲ ಅಂತೀನಿ." ಬೋರಕ್ಕ ಹೋದ ಕಾಲಲ್ಲೇ ವಾಪಸ್ ಬಂದಳು. ಒಂದು ಲೋಟ ನೀರೂ ಕೊಟ್ಟಿರಲಿಲ್ಲವಂತೆ, ಆ ಬೀಗಿತ್ತಿ.

ಅದೇ ಹೊತ್ತಿಗೆ ಆ ಸೀಮೆಯ ರಾಜ ಬೇಟೆಗೆ ಹೋದೋನು ಮಳೆಗೆ ಸಿಕ್ಕಿ ಒಂದು ಬಡವರ ಮನೆ ಹೊಕ್ಕ. ಉಣ್ಣೋಕೆ ಕೂತ. ಮುದ್ದೆ ಮೇಲೆ ಮಾಳಿಗೆ ನೀರು ಬಿತ್ತು. ಕೈ ತೊಳೆದು ಎದ್ದೋನೇ ಡಂಗೂರ ಹೊಡೆಸಿದನಂತೆ: "ಸೋರೋ ಮನೆಯ ಬಡವರಿಗೆಲ್ಲ ಅರಮನೆಯಿಂದ ತೊಲೆ, ಮಣ್ಣು, ಆಳು. ಪಾರುಪತ್ತೇಗಾರ ಬಂದು ನೋಡ್ತಾನೆ. ಮೂರು ಸಲ ಬರ್ತಾನೆ, ನಾಲ್ಕನೇ ಸಲ ಬರಲ್ಲ." ನೋಡಿದ್ರಾ? ರಾಜನ ಮುದ್ದೆಗೆ ಬೀಳೋ ತನಕ ಯಾರ ಮನೆ ಸೋರೋದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪಾರುಪತ್ತೇಗಾರ ಸೋಮವಾರ ಬರ್ತಾನೆ ಅಂತ ಸುದ್ದಿ ಬಂತು. ಬೋರಕ್ಕ ಏನು ಮಾಡಿದಳು ಗೊತ್ತೇ? ಮನೆಗೆ ದೊಡ್ಡೋರು ಬರ್ತಾರೆ ಅಂತ ನೆಲ ಸಾರಿಸಿದಳು, ಸುಣ್ಣ ಬಳಿದಳು, ಕೆಮ್ಮಣ್ಣಿನ ಗೆರೆ ಎಳೆದಳು, ರಂಗೋಲಿ ಬಿಟ್ಟಳು. ಮಡಕೆಗಳನ್ನ ಮೂಲೆಗೆ ಪೇರಿಸಿ ಕೌದಿ ಹೊದಿಸಿದಳು. ಕವೆಗೋಲು ಬಂದೋರ ತಲೆಗೆ ಬಡಿದೀತು ಅಂತ ಅದನ್ನೂ ಕಿತ್ತು ಹಿತ್ತಲಿಗೆ ಹಾಕಿ, ತೊಲೆ ಕೆಳಗೆ ಉಸಿರು ಬಿಗಿ ಹಿಡಿದು ನಿಂತಳಂತೆ! ಪಾರುಪತ್ತೇಗಾರ ಬಾಗಿಲಲ್ಲೇ ನಿಂತು ನೋಡಿದ. "ಇದು ಮದುವೆ ಮನೆ ಇದ್ದಂಗಿದೆ" ಅಂದ. ಮುಂದಕ್ಕೆ ಹೋದ.

ಮುಂದಕ್ಕೆ ಅಂದರೆ ಎಲ್ಲಿಗೆ? ಊರ ಗೌಡನ ಮನೆಗೆ. ಎಂಟು ಅಂಕಣದ ಮನೆ ಕಣ್ರೇ ಅದು. ಗೌಡ ಪಡಸಾಲೆಗೆ ಎಮ್ಮೆ ಕಟ್ಟಿಸಿ, ಗೋಡೆಗೆಲ್ಲ ಮಸಿ ಬಳಿಸಿದ್ದ. ಗೌಡತಿ ಹರಕು ಸೀರೆ ಉಟ್ಟು ಮೂಗು ಸೀಟ್ಕೊಂಡು ನಿಂತಿದ್ದಳು. ಆ ಹರಕು ಸೀರೇನೂ ಅವಳದಲ್ಲ, ಸೆಗಣಿ ಬಾಚೋಳ ಹತ್ತಿರ ಇಸ್ಕೊಂಡಿದ್ದು! "ಅಯ್ಯೋ ಪಾಪ" ಅಂದ ಪಾರುಪತ್ತೇಗಾರ. ಎಂಟು ತೊಲೆ ಕಳಿಸಿದ.

ಬೋರಕ್ಕನ ಪಕ್ಕದ ಮನೆಯಲ್ಲಿ ಕೆಂಚವ್ವ ಅಂತ ಇದ್ದಳು. ಊರೋರೆಲ್ಲ ಅವಳನ್ನ ಬಾಯಿಬಡುಕಿ ಅಂತಿದ್ದರಂತೆ. ಅನ್ನಲಿ ಬಿಡಿ, ಅನ್ನೋರಿಗೇನು. ಅವಳು ಗೋಡೆ ಮೇಲಿಂದ ಬಗ್ಗಿ ಬೈದಳು: "ಲೇ ಬೋರಿ, ಸೋರೋ ಮನೆ ತೋರಿಸು ಅಂದರೆ ಸುಣ್ಣ ತೋರಿಸಿದ್ಯಲ್ಲೇ! ಅವನೇನು ನಿನ್ನ ಹೆಣ್ಣು ನೋಡೋಕೆ ಬಂದಿದ್ನಾ?"

"ಬಂದೋರ ಮುಂದೆ ಮಡಕೆ ಕುಡಿಕೆ ಹರಡ್ಕೊಂಡು ನಿಂತ್ಕೊಳ್ಲಾ ಅಕ್ಕಾ? ನನ್ನ ಕೈಲಾಗಲ್ಲ."

"ಹಂಗಾದರೆ ಮುಂದಿನ ಸಲ ಬಾಯಲ್ಲಾದರೂ ಹೇಳೇ, ನನ್ನ ತಾಯಿ."

ಎರಡನೇ ಸೋಮವಾರ. ಬೋರಕ್ಕ ಸಾರಿಸಲಿಲ್ಲ, ಬಳಿಯಲಿಲ್ಲ, ಹಲ್ಲು ಕಚ್ಚಿ ಕೂತಳು. ಕುದುರೆ ಕಾಲಿನ ಸದ್ದು ಕೇಳಿದ್ದೇ ತಡ, ಕೈ ತನ್ನಷ್ಟಕ್ಕೆ ತಾನೇ ಮಡಕೆ ಎತ್ತಿಟ್ಟಿತು, ಕೌದಿ ಹೊದಿಸಿತು, ಕವೆಗೋಲು ಕಿತ್ತಿತು. ಪಾರುಪತ್ತೇಗಾರನನ್ನ ಒಣಗಿದ್ದ ಒಂದೇ ಮೂಲೇಲಿ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ಅವನು ಕುಡಿದು ಮೀಸೆ ಒರೆಸ್ಕೊಂಡು ಕೇಳಿದ: "ಏನವ್ವಾ, ಮನೆ ಹೆಂಗಿದೆ?"

"ನಿಮ್ಮ ಆಶೀರ್ವಾದದಿಂದ ಚೆನ್ನಾಗಿದೆ ಸ್ವಾಮಿ" ಅಂದುಬಿಟ್ಟಳು.

ನಗಬೇಡಿ. ಹೆಂಗಿದೀರಿ ಅಂತ ಯಾರಾದರೂ ಕೇಳಿದರೆ ನೀವೇನಂತೀರಿ? ಚೆನ್ನಾಗಿದೀವಿ ಅಂತೀರಿ. ನಾನೂ ಅದೇ ಅಂತೀನಿ, ಸೊಂಟ ಹಿಡ್ಕೊಂಡು.

ಅವನು ಹೋದ ಮೇಲೆ ಬೋರಕ್ಕ ಗೋಡೆಗೆ ಒರಗಿ ಕೂತಳಂತೆ. ಅಳಲಿಲ್ಲ, ಅಳೋಕೂ ಸುಸ್ತು. ಆಮೇಲೆ ಎದ್ದು ಕವೆಗೋಲು ತಂದು ನಿಲ್ಲಿಸಿದಳು. ಒಂದೊಂದೇ ಮಡಕೆ ಎತ್ತಿ ಒಂದೊಂದೇ ಸೋರಿಕೆ ಕೆಳಗಿಟ್ಟಳು. ಹದಿನಾಲ್ಕು. ಎಷ್ಟು ಸಲ ಅಂತ ಎತ್ತಿಡೋದು, ಎಷ್ಟು ಸಲ ಅಂತ ಹರಡೋದು.

ಮೂರನೇ ಸೋಮವಾರ ಬಂತು. ಬೋರಕ್ಕನ ಕೈ ಮತ್ತೆ ಮಡಕೆ ಪೇರಿಸಿ ಕೌದಿ ಹೊದಿಸಿತ್ತು, ಕವೆಗೋಲು ಕಿತ್ತಿತ್ತು. ಸಣ್ಣಕ್ಕನಿಗೆ ಎಂಟು ತುಂಬಿತ್ತು, ಮೋಡ ಊರ ಮೇಲೇ ಕೂತಿತ್ತು. ಪಾರುಪತ್ತೇಗಾರ ಬೋರಕ್ಕನ ಬಾಗಿಲ ಕಡೆ ನೋಡದೆ ಮುಂದೆ ಹೊರಟ. ಚೆನ್ನಾಗಿದೆ ಅಂದ ಮನೇನ ಮತ್ತೆ ಏನು ನೋಡೋದು? ಕೆಂಚವ್ವ ಬೀದಿಗೆ ಬಂದು ಕುದುರೆಗೆ ಅಡ್ಡ ನಿಂತಳು.

"ಸ್ವಾಮಿ, ಮಜ್ಜಿಗೆ ಕುಡಿದ ಮನೇನ ಒಂದು ಸಲ ತಲೆ ಎತ್ತಿ ನೋಡಿದ್ರಾ?" ಅಂತ ಶಲ್ಯ ಹಿಡಿದು ಒಳಗೆ ಎಳೆದುಕೊಂಡೇ ಬಂದಳಂತೆ!

"ಇಲ್ಲ ಸ್ವಾಮಿ, ಅವಳ ಮಾತು ಕೇಳಬೇಡಿ!" ಅಂತ ಬೋರಕ್ಕ ಕೌದಿಗೆ ಅಡ್ಡ ನಿಂತಳು. ಕೆಂಚವ್ವ ಕೌದಿ ಎಳೆದಳು. ಹದಿನಾಲ್ಕು ಮಡಕೆ ದಡದಡ ಅಂತ ಉರುಳಿದವು. ಬೀದಿಯೆಲ್ಲ ಬಾಗಿಲಿಗೆ ಬಂತು. "ಇಲ್ಲಿ ಸೋರುತ್ತೆ, ಇಲ್ಲಿ, ಇಲ್ಲಿ. ಮಳೆ ಬಂದರೆ ಇಲ್ಲಿ ಕೂತೇ ನಿದ್ದೆ ಮಾಡ್ತಾಳೆ. ಬೀಗಿತ್ತಿ ಒಂದು ಲೋಟ ನೀರು ಕೊಡದೆ ಅಟ್ಟಿದಳು, ಅದನ್ನೂ ಹೇಳ್ತೀನಿ!" ಎಲ್ಲಾ ಹೇಳಿದಳು ಕಣ್ರೇ, ಒಂದೂ ಬಿಡಲಿಲ್ಲ. ಕವೆಗೋಲಿಲ್ಲದ ತೊಲೆ ಲಟಕ್ ಅಂತು. ಒಂದು ಹಿಡಿ ಮಣ್ಣು ಪಾರುಪತ್ತೇಗಾರನ ಪೇಟದ ಮೇಲೇ ಬಿತ್ತು.

ಅವನು ಪೇಟ ಕೊಡವಿಕೊಂಡು ತಲೆ ತಗ್ಗಿಸಿದ. "ಏನು ಮಾಡಲವ್ವಾ, ಅರಮನೆ ತೊಲೆ ಎಲ್ಲಾ ಮುಗಿದವು."

"ಎಲ್ಲಿ ಮುಗಿದವು? ಗೌಡನ ಬಣವೆ ಹಿಂದೆ ಮೂರು ಬಿದ್ದಿವೆ, ಇನ್ನೂ ಮಣ್ಣು ಕಂಡಿಲ್ಲ. ಮಿಕ್ಕ ಐದು ಅವನ ಎಮ್ಮೆ ಕೊಟ್ಟಿಗೆ ಹೊತ್ತಿವೆ. ಬನ್ನಿ ತೋರಿಸ್ತೀನಿ. ಗೌಡತಿ ಉಟ್ಟಿದ್ದ ಸೀರೆ ಯಾರದು ಅಂತಾನೂ ತೋರಿಸ್ತೀನಿ."

ಬಣವೆ ಹಿಂದೆ ಮೂರೂ ಸಿಕ್ಕವು. ಗೌಡನೇ ಹೆಗಲು ಕೊಟ್ಟು ಒಂದು ತೊಲೆ ಹೊತ್ತು ತರಬೇಕಾಯ್ತಂತೆ, ಊರೆಲ್ಲ ನೋಡ್ತಾ ಇತ್ತು. ಮೂರು ದಿನದಲ್ಲಿ ತೊಲೆ ಏರಿತು, ಅರಮನೆ ಆಳುಗಳು ಚೌಳುಮಣ್ಣು ಹಾಕಿ ತುಳಿದರು. ನಾಲ್ಕನೇ ದಿನ ಮಳೆ. ಒಂದು ಹನಿ ಒಳಗೆ ಬೀಳಲಿಲ್ಲ. ಸಣ್ಣಕ್ಕ ಬಂದಳು, ಹೆಣ್ಣು ಹೆತ್ತಳು.

ಅವರು ಅಲ್ಲಿ ಬೆಚ್ಚಗೆ ಮಲಗಿದರು, ನಾವು ಇಲ್ಲಿ ಬಾಯಿ ನೋಯಿಸಿಕೊಂಡೆವು ಅಂತ ಕತೆ ಮುಗಿಸಬೇಕಿತ್ತು. ಆದರೆ ಬೋರಕ್ಕ ತೊಟ್ಟಿಲ ಶಾಸ್ತ್ರಕ್ಕೆ ಮುನ್ನೂರು ಮನೆಗೂ ಹೇಳಿ ಒಂದು ಮನೆ ಬಿಟ್ಟಳಂತೆ. ಮಾನ ಬೀದಿಗೆ ಹಾಕಿದೋಳ ಮುಖ ನೋಡಲ್ಲ ಅಂತ. ಕರೆಯದಿದ್ದರೂ ಕೆಂಚವ್ವ ಬಂದಳು. ಹೊಸಿಲಲ್ಲಿ ಚಪ್ಪಲಿ ಬಿಟ್ಟು ನಡುಮನೆಗೆ ಬಂದು ಬೋರಕ್ಕನ ಮುಖಕ್ಕೇ ಅಂದಳು:

"ನಾನು ನಿನ್ನ ಮಾನ ಕಳೆದೆ ಅಂತ ಊರ ತುಂಬ ಹೇಳ್ಕೊಂಡು ಬಂದಿದೀಯಂತೆ. ಹೇಳ್ಕೋ, ನನಗೂ ಸಾಕಾಗಿದೆ. ಆದರೆ ಈ ತೊಟ್ಟಿಲ ಹಗ್ಗ ಎಲ್ಲಿಗೆ ಕಟ್ಟಿದೀಯಾ ಅಂತ ಒಂದು ಸಲ ತಲೆ ಎತ್ತಿ ನೋಡಿ, ಆಮೇಲೆ ಹೇಳ್ಕೋ."