ಅಪ್ಪಟ ಚಿನ್ನದ ಖೊಟ್ಟಿ ವರಹ

ಒಂದು ಪ್ರಶ್ನೆ ಕೇಳುತ್ತೇನೆ, ಊಹಿಸಿ ನೋಡೋಣ. ನಾಣ್ಯ ಚಿನ್ನದ್ದು. ತೂಕ ಸರಿಯಾಗಿದೆ. ಅಕ್ಕಸಾಲಿಗನ ಒರೆಗಲ್ಲು ಕೂಡ ಹೌದು ಅಂದಿದೆ. ಇಷ್ಟಾದರೂ ಅದನ್ನು ತೆಗೆದುಕೊಳ್ಳಹೊರಟವನು ಜೀವಮಾನದ ಗಳಿಕೆ ಕಳೆದುಕೊಳ್ಳುವುದರಲ್ಲಿದ್ದ. ಏನಾಗಿರಬಹುದು? ಅವಸರ ಬೇಡ, ನಿಧಾನವಾಗಿ ಯೋಚಿಸಿ. ಅವಸರ ಮಾಡಿದವರ ಕಥೆಯೇ ಇದು.

ಗದಗಿನಲ್ಲಿ ಶಿವಮೂರ್ತೆಪ್ಪ ಕೋರಿ ಎಂಬ ಪಾತ್ರೆ ವ್ಯಾಪಾರಿ ಇದ್ದ. ಹಗಲೆಲ್ಲ ಕೊಡ, ಚರಿಗೆ, ಪರಾತ ಮಾರುವುದು. ಅಂಗಡಿ ಮುಚ್ಚಿದ ಮೇಲೆ ಹಳೆಯ ನಾಣ್ಯಗಳ ಹುಚ್ಚು. ಎಂಥ ಹುಚ್ಚೆಂದರೆ, ಹೆಣ್ಣು ನೋಡಲು ಹೋದವನು ಹುಡುಗಿಯನ್ನು ಬಿಟ್ಟು ಅವಳಜ್ಜಿಯ ಕೊರಳಿನ, ಚಿನ್ನದ ನಾಣ್ಯ ಪೋಣಿಸಿದ ಪುತಳಿ ಸರವನ್ನೇ ನೋಡುತ್ತ ಕೂತಿದ್ದನಂತೆ. ಹೆಂಡತಿ ನೀಲವ್ವ ಇದನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವನು ಕೂಡಿಸಿದ ನಾಣ್ಯಗಳೆಲ್ಲ ಬೀಟೆ ಮರದ ಒಂದು ಪೆಟ್ಟಿಗೆಯಲ್ಲಿದ್ದವು. ಮೈಸೂರಿನ ಆನೆ ಕಾಸುಗಳು, ನವಾಬರ ರೂಪಾಯಿಗಳು, ಬಿಜಾಪುರದ ಬೆಳ್ಳಿ ಲಾರಿ. ಈ ಲಾರಿ ಎಂಬುದು ದುಂಡಗಿನ ನಾಣ್ಯವಲ್ಲ, ತಂತಿಯನ್ನು ಬಾಗಿಸಿ ಮುದ್ರೆ ಒತ್ತಿದ್ದು.

ಅದೇ ಊರಿನಲ್ಲಿ ಪುಂಡಲೀಕಸಾ ಬಾಕಳೆ ಎಂಬ ರೇಷ್ಮೆ ಸೀರೆ ವ್ಯಾಪಾರಿಗೂ ಇದೇ ಹುಚ್ಚು. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು, ಒಬ್ಬರನ್ನೊಬ್ಬರು ಹೊಟ್ಟೆಕಿಚ್ಚಿನಿಂದ ಬೆಳೆಸಿದವರು.

ದೀಪಾವಳಿ ಅಮಾವಾಸ್ಯೆಯ ಸಂಜೆ ಆ ಕಡೆ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ. ಊರ ಜನ ಅಂಗಡಿಯಿಂದ ಅಂಗಡಿಗೆ ಹೋಗಿ ಎಲೆ-ಅಡಿಕೆ ತೆಗೆದುಕೊಳ್ಳುತ್ತಾರೆ. ಕೋರಿಯೂ ಬಾಕಳೆಯೂ ಲಕ್ಷ್ಮಿಯ ಮುಂದಿನ ತಾಟಿನಲ್ಲಿ ತಮ್ಮ ತಮ್ಮ ಅತಿ ಒಳ್ಳೆಯ ನಾಣ್ಯ ಇಡುತ್ತಿದ್ದರು. ಯಾರದು ಮೇಲು ಎಂದು ಜನ ತೀರ್ಪು ಕೊಡುತ್ತಿದ್ದರು. ಹಿಂದಿನ ವರ್ಷ ಬಾಕಳೆ ಕಮಲದ ಮುದ್ರೆಯ ಚಿನ್ನದ ಪದ್ಮಟಂಕ ಇಟ್ಟಿದ್ದ. ಕೋರಿ ಬಿಜಾಪುರದ ಲಾರಿ ಇಟ್ಟಿದ್ದ. "ಇದೇನ್ರಿ ಸಾವ್ಕಾರ್ರ, ನೀಲವ್ವಾರ ತಲಿಪಿನ್ನು ತಂದಿಟ್ಟೀರಿ?" ಎಂದು ಯಾರೋ ಕೇಳಿದರು. ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಕಳೆ. ಆ ನಗು ವರ್ಷವಿಡೀ ಕೋರಿಯ ಅಂಗಾಲಿನಲ್ಲಿ ಮುರಿದ ಮುಳ್ಳಾಗಿತ್ತು.

ಈ ಸಲದ ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಬೂದು ಬಣ್ಣದ ಸಫಾರಿ ತೊಟ್ಟ ಅಪರಿಚಿತನೊಬ್ಬ ಕೋರಿಯ ಅಂಗಡಿಗೆ ಬಂದು ಒಂದು ಲೋಟ ಕೊಂಡ. ಗಿರಾಕಿಗಳು ಕರಗುವವರೆಗೆ ಕಾದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಅಂಗಿಯ ಗುಂಡಿಯಷ್ಟಗಲದ ಚಿನ್ನದ ವರಹ. ಅದರ ಮೇಲೆ ಬೆಣ್ಣೆಯುಂಡೆ ಹಿಡಿದು ಕೂತ ಬಾಲಕೃಷ್ಣ. ವಿಜಯನಗರದ ಕಾಲದ್ದು.

ಹೊಸಪೇಟೆಯ ಕಡೆ ತಮ್ಮನ ಮನೆಗೆ ಪಾಯ ತೋಡುವಾಗ ಗಡಿಗೆ ಸಿಕ್ಕಿತು ಅಂದ ಆತ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬುದು ಕೋರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಸೆಗೆ ಕಿವಿ ಎಲ್ಲಿದೆ?

"ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ ಸಾವ್ಕಾರ್ರ," ಅಂದ ಆತ ಮೆಲ್ಲಗೆ. "ಗೊತ್ತಾತಂದ್ರ ನೀವೂ ಇಲ್ಲ, ನಾನೂ ಇಲ್ಲ."

ಬೇಕಿದ್ದರೆ ಒರೆಗೆ ಹಚ್ಚಿಸಿ ಎಂದು ತಾನೇ ಹೇಳಿದ. ಕೋರಿ ಪಕ್ಕದ ಓಣಿಯ ಅಕ್ಕಸಾಲಿಗನ ಹತ್ತಿರ ಹಚ್ಚಿಸಿದ. ಕಪ್ಪು ಕಲ್ಲಿನ ಮೇಲೆ ಅಪ್ಪಟ ಹಳದಿ ಗೆರೆ. ಕೋರಿಯದು ಪಾತ್ರೆ ವ್ಯಾಪಾರಿಯ ಬುದ್ಧಿ. ಲೋಹ ಖರೆಯಾದರೆ ಮಾಲು ಖರೆ ಎಂಬುದು ಅವನ ವೇದ. ಅಲ್ಲೇ ಸೋತ.

ಆತ ರೊಕ್ಕ ಕೇಳಲಿಲ್ಲ. ಕೇಳಿದ್ದು ಬೀಟೆಯ ಪೆಟ್ಟಿಗೆ, ಒಳಗಿದ್ದ ಎಲ್ಲದರ ಸಮೇತ. ನಾಲ್ಕರ ಬಸ್ಸಿಗೆ ಹೊಸಪೇಟೆಗೆ ಹೊರಡುವೆ, ಅಷ್ಟರೊಳಗೆ ತೀರ್ಮಾನವಾಗಬೇಕು ಅಂದ.

ಮಧ್ಯಾಹ್ನ ಮೂರಕ್ಕೆ ಕೋರಿ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿಗೆ ಹೋದ. ಕೋಣೆಯ ಕಿಟಕಿ ಮುಚ್ಚಿತ್ತು. ಪೆಟ್ಟಿಗೆಯನ್ನು ಮಂಚದ ಮೇಲಿಟ್ಟ, ಆದರೆ ಕೈ ಮಾತ್ರ ಮುಚ್ಚಳದಿಂದ ಮೇಲೇಳಲಿಲ್ಲ. ಅರ್ಧ ಗಂಟೆ ಯೋಚಿಸಲು ಬಿಡಿ ಎಂದು ಬೇಡಿಕೊಂಡ. ಆತ ಸಿಟ್ಟಾಗಲಿಲ್ಲ. ವರಹವನ್ನು ತೆಗೆದು ಕೋರಿಯ ಜೇಬಿಗೇ ಹಾಕಿದ.

"ಇದು ನಿಮ್ಮ ಕಡೆನ ಇರ್ಲಿ. ಪೆಟ್ಟಿಗಿ ಇಲ್ಲಿರ್ಲಿ. ನಂಬಿಕಿ ಅಂದ್ರ ಇದ ನೋಡ್ರಿ."

ಕೋರಿ ಮೆಟ್ಟಿಲಿಳಿದು ಬೀದಿಗೆ ಬಂದ. ಚೆಂಡು ಹೂವಿನ ರಾಶಿ, ಬಾಳೆಕಂಬ, ಜನ. ಎಡಕ್ಕೆ ತಿರುಗಿದರೆ ತನ್ನ ಅಂಗಡಿ. ಬಲಕ್ಕೆ ತಿರುಗಿದರೆ ಬಾಕಳೆಯ ಅಂಗಡಿ. ತನ್ನಂಗಡಿಗೆ ಹೋಗಿ ತಾಟಿನಲ್ಲಿಟ್ಟುಬಿಟ್ಟರೆ ಮುಗಿಯಿತು, ಸಂಜೆ ಬಾಕಳೆಯ ಮುಖ ನೋಡಬಹುದು. ಆದರೆ ಒಂದು ಅನುಮಾನ ಕಾಲು ಹಿಡಿದು ನಿಲ್ಲಿಸಿತು. ಇಷ್ಟು ದೊಡ್ಡ ವಸ್ತುವನ್ನು ಜೇಬಿಗೆ ಹಾಕಿ ಕಳಿಸಿದವನಿಗೆ ಪೆಟ್ಟಿಗೆಯ ಮೇಲೆ ಮಾತ್ರ ಯಾಕಷ್ಟು ಹಿಡಿತ?

ನಾಣ್ಯ ನೋಡಿ ಹೇಳಬಲ್ಲ ಕಣ್ಣು ಊರಿನಲ್ಲಿ ಒಂದೇ ಇತ್ತು. ಅದು ವೈರಿಯ ಕಣ್ಣು. ತೋರಿಸಿದರೆ, ವರಹ ಖರೆಯಾಗಿದ್ದ ಪಕ್ಷದಲ್ಲಿ ಬಾಕಳೆ ಹೆಚ್ಚು ಕೊಟ್ಟು ಹಾರಿಸಿಕೊಂಡು ಹೋಗುತ್ತಾನೆ. ತೋರಿಸದಿದ್ದರೆ? ಕೋರಿ ಜೇಬಿನ ವರಹವನ್ನು ಮುಷ್ಟಿಗೆ ತೆಗೆದುಕೊಂಡ. ಕಡೆಗೆ ಬಲಕ್ಕೆ ತಿರುಗಿದ.

ಬಾಕಳೆ ಗಾದಿಯ ಮೇಲೆ ಕೂತಿದ್ದ. ಹಬ್ಬದ ದಿನ ದಾರಿ ತಪ್ಪಿದಿಯಾ ಎಂದು ಕೆಣಕಿದ. ಕೋರಿ ಅಂಗೈ ಬಿಚ್ಚಿದ. ಬಾಕಳೆಯ ನಗು ಅರ್ಧಕ್ಕೇ ನಿಂತಿತು. ಎದ್ದು ಹೋಗಿ ಲಕ್ಷ್ಮಿಯ ಮುಂದಿನ ತಾಟಿನ ಮೇಲಿದ್ದ ಬಟ್ಟೆ ಸರಿಸಿ, ಒಂದು ನಾಣ್ಯ ತಂದು ಅದರ ಪಕ್ಕ ಇಟ್ಟ.

ಎರಡು ಬಾಲಕೃಷ್ಣರು. ಎರಡರಲ್ಲೂ ಎಡ ಮೊಣಕಾಲಿನ ಬಳಿ ಅಂಚು ಸೀಳಿದೆ. ಎರಡರಲ್ಲೂ ಬೆಣ್ಣೆಯುಂಡೆಯ ಪಕ್ಕ ಸಾಸಿವೆಯಷ್ಟು ಗಂಟು. ಆ ಕಾಲದ ವರಹಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಪೆಟ್ಟು ಒಂದು ಸಲ ಆಚೆ, ಒಂದು ಸಲ ಈಚೆ ಬೀಳುತ್ತಿತ್ತು. ಕೈಯಲ್ಲಿ ಬಡಿದ ಎರಡು ರೊಟ್ಟಿಯ ಅಂಚು ಎಂದಾದರೂ ಒಂದೇ ಥರ ಸೀಳುತ್ತದೆಯೇ? ಇವು ಹೊಡೆದವಲ್ಲ. ಒಂದೇ ಅಚ್ಚಿನಲ್ಲಿ ಮೊನ್ನೆ ಮೊನ್ನೆ ಎರಕ ಹೊಯ್ದವು. ಚಿನ್ನ ಖರೆ, ನಾಣ್ಯ ಖೊಟ್ಟಿ. ಚಿಟಿಕೆ ಚಿನ್ನ ಕೊಟ್ಟು ಜೀವಮಾನದ ಸಂಗ್ರಹ ಹೊತ್ತೊಯ್ಯುವ ದಂಧೆ.

"ನಿನಗ ಯಾವಾಗ ಗೊತ್ತಾತು?" ಕೋರಿ ಕೇಳಿದ.

"ಮೊನ್ನೆ ತಗೊಂಡೆ, ಪದ್ಮಟಂಕ ಕೊಟ್ಟು. ನಿನ್ನೆ ಭೂತಗನ್ನಡಿ ಹಿಡದು ನೋಡಿದ್ರ, ಮೈತುಂಬ ಎರಕದ ಗುಳ್ಳಿ."

"ಮತ್ತ ಯಾಕ ಹೇಳಲಿಲ್ಲೋ?"

"ನೀ ನಗತಿದ್ದಿ," ಅಂದ ಬಾಕಳೆ. ಖೊಟ್ಟಿ ಎಂದು ಗೊತ್ತಿದ್ದೂ ಅದನ್ನೇ ಅಂದಿನ ತಾಟಿನಲ್ಲಿ ಇಟ್ಟು ಮೆರೆಯುವುದೆಂದು ನಿಶ್ಚಯಿಸಿದ್ದನಂತೆ.

ಕೋರಿಗೆ ನಗು ಬರಲಿಲ್ಲ. ಪೆಟ್ಟಿಗೆ ಲಾಡ್ಜಿನಲ್ಲಿದೆ ಅಂದ. ಬಾಕಳೆ ಎರಡೂ ವರಹಗಳನ್ನು ಬಾಚಿಕೊಂಡು ಬರಿಗಾಲಿನಲ್ಲೇ ಓಡಿದ. ಹಬ್ಬದ ಹೊಸ ಧೋತರದ ಇಬ್ಬರು ಸ್ಥೂಲಕಾಯರು ಬಜಾರದ ನಡುವೆ ಓಡಿದ್ದನ್ನು ಊರೇ ನೋಡಿತು. ಲಾಡ್ಜಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಆತನೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಫ್ಯಾನು ಇನ್ನೂ ತಿರುಗುತ್ತಿತ್ತು.

ನಿಲ್ದಾಣದಲ್ಲಿ ಹೊಸಪೇಟೆ ಬಸ್ಸು ನಿಂತಿತ್ತು, ಅದರಲ್ಲಿ ಆತನಿಲ್ಲ. ಆಚೆ ಬಾಗಲಕೋಟೆ ಬಸ್ಸು ಹೊರಟಿತ್ತು. ಅದರ ಹಿಂದಿನ ಕಿಟಕಿಯಲ್ಲಿ ಬೂದು ಸಫಾರಿ. ಬಾಕಳೆ ಎರಡೂ ಕೈ ಚಾಚಿ ಬಸ್ಸಿನ ಮುಂದೆ ನಿಂತೇಬಿಟ್ಟ. ಬ್ರೇಕು ಕಿರುಚಿತು. ಡ್ರೈವರ್ ಬೈದ. ಜನ ಮುತ್ತಿದರು.

ಆತ ಒಂದಿಷ್ಟೂ ಅಳುಕಲಿಲ್ಲ. ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತು. ಇದು ಅದಲಿ-ಬದಲಿ, ಕೋರಿ ಸಾವ್ಕಾರರು ಮನಸಾರೆ ಕೊಟ್ಟದ್ದು, ತಾನು ಕೊಟ್ಟದ್ದು ಅಪ್ಪಟ ಚಿನ್ನ, ಬೇಕಾದರೆ ಒರೆಗೆ ಹಚ್ಚಿ ಅಂದ. ಕಂಡಕ್ಟರ್ ತಲೆ ಕೆರೆದುಕೊಂಡು ಕೋರಿಯನ್ನೇ ಸಂಶಯದಿಂದ ನೋಡಿದ. ಡ್ರೈವರ್ ಮತ್ತೆ ಗೇರಿಗೆ ಕೈಹಾಕಿದ. ಕೋರಿಯ ಕಡೆಯಿಂದ ಇದ್ದದ್ದು ಒಂದು ವರಹದ ಸಾಕ್ಷಿ. ಒಂದೇ ವರಹ ನೋಡಿದವರಿಗೆ ಅದು ಖರೆಯೇ.

ಎರಡನೆಯದು ಬಾಕಳೆಯದು, ಎರಡೂ ಅವನ ಮುಷ್ಟಿಯಲ್ಲಿದ್ದವು. ಸುತ್ತ ನಿಂತವರೆಲ್ಲ ಅವನ ಪರಿಚಯದವರು, ಅರ್ಧ ಜನ ಅವನ ಗಿರಾಕಿಗಳು. ಬಾಕಳೆ ಕಣ್ಣು ಮುಚ್ಚಿ ತೆರೆದ. ಮುಷ್ಟಿ ಬಿಚ್ಚಿ ಎರಡನ್ನೂ ಕಂಡಕ್ಟರನ ಮುಂದೆ ಹಿಡಿದ.

"ಎರಡೂ ನೋಡ್ರಿ, ಸೀಳು ಒಂದ ಕಡೆ ಐತಿ. ಇಂವ ನನಗೂ ಮೋಸ ಮಾಡ್ಯಾನ. ನಾ ಪುಂಡಲೀಕಸಾ ಬಾಕಳೆ, ನಾ ಮೋಸ ಹೋಗೇನಿ."

ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಇದ್ದ ಜನರ ಸಮೇತ ಪೊಲೀಸ್ ಠಾಣೆಯ ಮುಂದೆ ಹೋಗಿ ನಿಂತಿತು. ಕೋರಿಗೆ ಪೆಟ್ಟಿಗೆ ಸಿಕ್ಕಿತು. ಬಾಕಳೆಯ ಪದ್ಮಟಂಕ ಆಗಲೇ ಕೈ ದಾಟಿ ಹೋಗಿತ್ತು. ಖೊಟ್ಟಿ ವರಹಗಳನ್ನು ಪೊಲೀಸರು ಸಾಕ್ಷಿಗೆಂದು ಇಟ್ಟುಕೊಂಡರು.

ಅಂದು ಸಂಜೆ ಬಾಕಳೆಯ ಅಂಗಡಿಯಲ್ಲಿ ಲಕ್ಷ್ಮಿಯ ಮುಂದಿನ ತಾಟು ಖಾಲಿಯಿತ್ತು. ಎಲೆ-ಅಡಿಕೆಗೆ ಬಂದ ಒಬ್ಬೊಬ್ಬರಿಗೂ ಬಾಕಳೆ ತಾನು ಮೋಸ ಹೋದ ಕಥೆಯನ್ನು ಮೊದಲಿನಿಂದ ಹೇಳಿದ. ಕೋರಿ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೆಲವರು ನಕ್ಕರು, ನಕ್ಕು ಮುಂದಿನ ಅಂಗಡಿಗೆ ಹೋದರು. ಆದರೆ ಹತ್ತಿಯ ದಲಾಲಿ ಚನ್ನವೀರಪ್ಪನವರು ಮಾತ್ರ ಎಲೆ-ಅಡಿಕೆ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಜನ ಕರಗಿದ ಮೇಲೆ ಹತ್ತಿರ ಬಂದು ಗಾದಿಯ ಅಂಚಿನಲ್ಲಿ ಕೂತರು. "ನನಗೂ ಒಂದು ಕೊಟ್ಟು ಹೋಗ್ಯಾನ್ರಿ," ಅಂದರು.

ನೀತಿ: ಗುಟ್ಟಿನಲ್ಲಿ, ಗಡಿಬಿಡಿಯಲ್ಲಿ ಮಾರುವ ನಾಣ್ಯವನ್ನು ಬಲ್ಲವನಿಗೆ ತೋರಿಸದೆ ಕೊಳ್ಳಬೇಡಿ, ಆ ಬಲ್ಲವನು ನಿಮ್ಮ ವೈರಿಯಾಗಿದ್ದರೂ ಸರಿ. ಮೋಸ ಹೋಗಿದ್ದರೆ ಬಾಯಿಬಿಟ್ಟು ಹೇಳಿ. ಮೋಸಗಾರನಿಗೆ ಬಂಡವಾಳ ಅವನ ಜಾಣತನವಲ್ಲ, ನಮ್ಮ ನಾಚಿಕೆ.

ಇದೆಲ್ಲ ನಡೆದದ್ದು ೧೯೯೩ನೆಯ ಇಸವಿ ನವೆಂಬರ್ ೧೩, ಶನಿವಾರ.