ಚೌತಿ ಚಂದ್ರನ ಪಟ

ಕೆರೆಯಮ್ಮನ ಆಣೆ, ಇದು ನಡೆದಿದ್ದೇ. ಕಟ್ಟುಕತೆ ಅನ್ನೋನು ಈಗ್ಲೇ ಎದ್ದು ಹೋಗ್ಲಿ. ಇದನ್ನ ಸರಿಯಾಗಿ ಹೇಳೋಕೆ ಈ ಸೀಮೇಲಿ ಇನ್ನೊಬ್ಬ ಇಲ್ಲ.

ಬಲು ಹಿಂದೆ, ಒಂದೂರಲ್ಲಿ, ಪಟದ ಚೆನ್ನಿಗಪ್ಪ ಅಂತ ಇದ್ನಂತೆ. ಮೂರು ಕಾಲಿನ ಮೇಲೆ ಕ್ಯಾಮೆರಾ ಪೆಟ್ಟಿಗೆ ನಿಲ್ಸಿ, ಕರೀ ಬಟ್ಟೆಯೊಳಗೆ ತಲೆ ತೂರ್ಸಿ ಪಟ ಹಿಡಿಯೋನು. ಸತ್ತ ಅಜ್ಜನ ಪಟ ಹಿಡಿದ್ರೆ ಅಜ್ಜ ಎದ್ದು ಕೂತಂಗೆ ಕಾಣ್ತಿದ್ನಂತೆ.

ಅವನಿಗೊಂದು ಯೋಚ್ನೆ ಬಂತು. ಗಣೇಶನ ಚೌತಿ ದಿನ ಚಂದ್ರನ್ನ ನೋಡಿದ್ರೆ ಕಳ್ಳತನದ ಅಪವಾದ ಬರ್ತದೆ ಅಂತ ಊರೆಲ್ಲ ಕದ ಹಾಕ್ಕೊಂಡು ಕೂರ್ತದೆ. ಯಾರೂ ನೋಡದ ಚಂದ್ರ. ಪಟ ಮಾಡಿ ಮಾರಿದ್ರೆ ಮನೆಗೊಂದು ಹೋಗ್ತದೆ, ಕಾಗದದ ಚಂದ್ರಂಗೆ ದೋಷ ಎಲ್ಲೀದು ಅಂದ್ಕೊಂಡ. ಹೆಂಡ್ತಿ ಬೇಡ ಅಂದ್ಳಂತೆ. ಪೆಟ್ಟಿಗೆ ಗಾಜಲ್ಲಿ ಎಲ್ಲಾ ತಲೆಕೆಳಗಾಗಿ ಕಾಣ್ತದೆ, ತಲೆಕೆಳಗಾದ ಚಂದ್ರ ಲೆಕ್ಕಕ್ಕಿಲ್ಲ ಬಿಡೇ ಅಂದ್ನಂತೆ.

ಚೌತಿ ಸಂಜೆ ಕೆರೆ ಏರಿ ಮೇಲೆ ನಿಂತ. ಒಂದು ಬೀಡಿ ಸೇದೋನು, ಕ್ಯಾಮೆರಾ ಮುಚ್ಚಳ ಒಂದು ಚಣ ತೆಗೆದು ಮತ್ತೆ ಮುಚ್ಚೋನು. ಇನ್ನೊಂದು ಬೀಡಿ, ಇನ್ನೊಂದ್ಸಲ ಮುಚ್ಚಳ. ಚಂದ್ರ ಗುಡ್ಡದ ಹಿಂದೆ ಇಳಿಯೋವರೆಗೂ ಹಂಗೇ. ಪೆಟ್ಟಿಗೆಯೊಳಗಿನ ಒಂದೇ ಗಾಜಿನ ಪ್ಲೇಟಿನ ಮೇಲೆ, ಬೀಡಿಗೊಂದರಂಗೆ, ಚಂದ್ರರು ಸಾಲಾಗಿ, ಪೋಣಿಸಿದ ಮಣಿ ಹಂಗೆ ಬಂದ್ರಂತೆ.

ಅದೇ ಸಂಜೆ ಪಟೇಲ ಗಿರಿಯಪ್ಪನ ಬೆಳ್ಳಿ ಚೊಂಬು ಮಾಯ. ಊರಲ್ಲಿ ಹೊರಗಿದ್ದೋನು ಚೆನ್ನಿಗಪ್ಪ ಒಬ್ನೇ. ಮಾರನೇ ದಿನ ಪಂಚಾಯ್ತಿ ಸೇರ್ತು.

"ನೋಡ್ಬಾರದ್ದು ನೋಡ್ದೆ, ಈಗ ಅನುಭವಿಸು. ಚೊಂಬು ತಾ, ಇಲ್ಲ ಪೆಟ್ಟಿಗೆ ಬಿಟ್ಟು ಹೋಗು" ಅಂದ ಪಟೇಲ. ಪೆಟ್ಟಿಗೆ ಹೋದ್ರೆ ಚೆನ್ನಿಗಪ್ಪನ ಮನೇಲಿ ಒಲೆ ಉರಿಯೋದು ಹೆಂಗೆ?

ಚೆನ್ನಿಗಪ್ಪ ಚಂದ್ರನ ಪಟ ಮುಂದೆ ಹಿಡಿದ. ಏರಿಯಿಂದ ಪಟೇಲರ ಮನೆಗೆ ಹೋಗಿ ಬರೋಕೆ ನಾಕು ಬೀಡಿ ಹೊತ್ತು ಬೇಕು, ನಾನು ಹೋಗಿದ್ರೆ ಸಾಲಿನ ಮಧ್ಯೆ ನಾಕು ಚಂದ್ರನ ಜಾಗ ಖಾಲಿ ಇರ್ತಿತ್ತು, ನೋಡಿ ಅಂದ. ನೋಡೋರ್ಯಾರು? ಅದು ಚೌತಿ ಚಂದ್ರ. ಪಂಚರೆಲ್ಲ ಕಣ್ಣು ಮುಚ್ಚಿ ಕೂತ್ರಂತೆ. ಕಟ್ಕೊಂಡ ಹೆಂಡ್ತಿನೂ ಮುಖಕ್ಕೆ ಸೆರಗು ಎಳ್ಕೊಂಡ್ಳಂತೆ.

ಆಗ ಹಾಸಿಗೆ ಹೊಲಿಯೋ ಪಿಂಜಾರ ಮಾಬುಸಾಬ ಎದ್ದ. "ಇತ್ಲಾಗೆ ಕೊಡಣ್ಣ. ರಂಜಾನ್ ಚಂದ್ರನ್ನ ಊರಿಗಿಂತ ಮೊದ್ಲು ಕಾಣೋ ಕಣ್ಣಿದು. ನಿಮ್ಮ ಗಣಪ ನನ್ಮೇಲೆ ಯಾಕೆ ಮುನಿಸ್ಕೊಂತಾನೆ?" ಒಂದೊಂದು ಚಂದ್ರನ ಮೇಲೂ ಬೆರಳಿಟ್ಟು ನೋಡಿ, ಸಾಲಲ್ಲಿ ಒಂದು ಹಲ್ಲೂ ಉದುರಿಲ್ಲ ಪಟೇಲ್ರೇ ಅಂದ. ಪೆಟ್ಟಿಗೆ ಉಳೀತು. ಚೊಂಬು ಆಮೇಲೆ ಪಟೇಲನ ಅಳಿಯನ ಹತ್ರವೇ ಸಿಕ್ತಂತೆ, ಆ ಮಾತು ಬೇಡ ಬಿಡಿ.

ಈಗ್ಲೂ ಆ ಊರಲ್ಲಿ ಚೌತಿ ಸಂಜೆ ಮಾಬುಸಾಬನ ಮನೆಯೋರೊಬ್ರು ಏರಿ ಹತ್ತಿ, ಊರ ಪರವಾಗಿ ಚಂದ್ರನ್ನ ನೋಡ್ತಾರೆ. ಮುಳುಗಿದ ಅಂತ ಅವರು ಕೂಗಿದ ಮೇಲೇನೇ ಜನ ಕದ ತೆಗೆಯೋದು.

ಚೆನ್ನಿಗಪ್ಪನ್ನ ಕಳ್ಳ ಅಲ್ಲ ಅಂತ ಊರೆಲ್ಲ ಒಪ್ತು. ಮಾರೋಕಂತ ಮಾಡಿಟ್ಟ ಪಟ ಮಾತ್ರ ಒಂದನ್ನೂ ಯಾರೂ ಮುಟ್ಲಿಲ್ಲ. ಕಾಗದ, ಮದ್ದು ಅಂತ ಅವನ ಕೈಯಿಂದ ಹೋಗಿದ್ದು ಹನ್ನೊಂದು ರೂಪಾಯಿ ಆರಾಣೆ.