ಮುಚ್ಚಳದಡಿಯ ಬೂದಿ

ಕಾಲುವೆಯ ದೋಣಿಯಲ್ಲೇ ಸಂಸಾರ ಹೂಡಿದ್ದ ಗಿರಿಯಮ್ಮ ಒಲೆಯ ಬೂದಿಯನ್ನು ನೀರಿಗೆ ಚೆಲ್ಲುತ್ತಿರಲಿಲ್ಲ. ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳ ಹಾಕಿ, ಪೂರ್ತಿ ಆರಿದ ಮೇಲೆ ದಡದ ಯಾವುದಾದರೂ ಮರದ ಬುಡಕ್ಕೆ ಸುರಿಯುತ್ತಿದ್ದಳು.

ಆ ದಿನದ ಬೂದಿ ಕಾಲುವೆಯ ತಿರುವಿನಲ್ಲಿದ್ದ ಹುಣಸೆಮರದ ಕೊಂಬೆಯದು. ಬೆಳಗಿನಿಂದ ಅದಕ್ಕೆ ತಾಯಿಮರದ್ದೇ ಧ್ಯಾನ. ದೋಣಿ ಅದೇ ಮರದ ನೆರಳಿಗೆ ಬಂದು ನಿಂತಿತು. ಗಿರಿಯಮ್ಮ ಅವಸರದಲ್ಲಿ, ಬೂದಿ ಆರುವ ಮೊದಲೇ, ಡಬ್ಬ ಎತ್ತಿಕೊಂಡು ದಡಕ್ಕಿಳಿದಳು.

"ಅಣ್ಣಾ, ಬೇಗ ಬಾಯಿ ತೆರೆ. ನಾನು ಅಮ್ಮನ ಬುಡ ಸೇರಬೇಕು," ಎಂದಿತು ಬೂದಿ.

"ನಿನ್ನೊಳಗೆ ಬೆಂಕಿ ಉಳಿದಿದೆಯೇ?" ಎಂದು ಡಬ್ಬ ಕೇಳಿತು.

"ಒಂದೇ ಒಂದು ಕೆಂಡ. ಅವಳ ನೆನಪಿಗೆಂದು ಬಚ್ಚಿಟ್ಟುಕೊಂಡಿದ್ದೇನೆ."

"ಬುಡದ ತುಂಬ ಒಣಗಿದ ತರಗೆಲೆ ಬಿದ್ದಿದೆಯಲ್ಲ, ತಂಗೀ."

ಬೂದಿ ಆ ಕೆಂಡವನ್ನು ಇನ್ನಷ್ಟು ಒಳಕ್ಕೆ ಅದುಮಿಕೊಂಡಿತು. ಆಮೇಲೆ, "ಹಾಗಾದರೆ ಬಾಯಿ ಬಿಗಿಹಿಡಿ," ಎಂದಿತು.

ಗಿರಿಯಮ್ಮ ಎಷ್ಟು ಎಳೆದರೂ ಮುಚ್ಚಳ ಕದಲಲಿಲ್ಲ. "ಹಾಳಾದ್ದು! ಮುಂದಿನ ದಡದಲ್ಲಿ ನೋಡಿದರಾಯ್ತು," ಎಂದು ಬೈದುಕೊಂಡು ದೋಣಿ ಬಿಟ್ಟಳು.

ಮರ ಹಿಂದೆ ಸರಿಯಿತು. ಕತ್ತಲೆಯೊಳಗಿಂದ ಬೂದಿ ಮೆಲ್ಲಗೆ ಕೇಳಿತು: "ನನಗೆ ಕಾಣಲಿಲ್ಲ. ನೀನು ನೋಡಿದೆಯಲ್ಲ, ನನ್ನನ್ನು ಕಡಿದ ಜಾಗದಲ್ಲಿ ಚಿಗುರು ಬಂದಿದೆಯಾ?"

"ಬಂದಿದೆ," ಎಂದಿತು ಡಬ್ಬ.